ಆ ಟ್ಯಾಬ್ ನಾವು ತೆರೆದಿರಲೇ ಇಲ್ಲ

ಶನಿವಾರ ನಮ್ಮಲ್ಲಿ ಬಟವಾಡೆ. ಅಪ್ಪನ ಗೇಟು-ಗ್ರಿಲ್ ವರ್ಕ್‌ಶಾಪಿನಲ್ಲಿ ನಾಲ್ವರು ಕೆಲಸಗಾರರು, ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. 2025ರ ಜನವರಿಯ ಒಂದು ಶನಿವಾರ ಫೋನಿನಿಂದ ಕೂಲಿ ಕಳಿಸಲು ಹೋದರೆ ಒಂದೂ ಹೋಗಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದೆ. ‘ಜಿಎಸ್‌ಟಿ ಬಾಕಿಗಾಗಿ ನಿಮ್ಮ ಖಾತೆ ತಡೆಹಿಡಿದಿದ್ದಾರೆ, ಡಿಆರ್‌ಸಿ-13 ಬಂದಿದೆ’ ಎಂದರು. ಬಾಕಿದಾರರ ಹಣವನ್ನು ತನಗೇ ಕಟ್ಟಿ ಎಂದು ತೆರಿಗೆ ಇಲಾಖೆ ಬ್ಯಾಂಕಿಗೆ ಕಳಿಸುವ ನೋಟಿಸ್ ಅದು.

ಅಪ್ಪ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿಕೊಂಡು ಪಕ್ಕದಲ್ಲೇ ನಿಂತಿದ್ದರು. ‘ಬಾಕಿನಾ? ನಾನು ಯಾರಿಗೆ ಬಾಕಿ ಇಟ್ಟಿದೀನಿ?’ ಎಂದು ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ. ಅವತ್ತು ಕೂಲಿಯನ್ನು ಚಿಕ್ಕಪ್ಪನಿಂದ ಕೈಸಾಲ ತಂದು ಕೊಟ್ಟೆವು.

ಸೋಮವಾರ ಆಡಿಟರ್ ಮುಂದೆ ಕೂತಾಗ ವಿಷಯ ತಿಳಿಯಿತು. 2018-19ರಲ್ಲಿ ನಮಗೆ ಕಬ್ಬಿಣ ಕೊಟ್ಟ ಒಬ್ಬ ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ನಮ್ಮ ಬಿಲ್‌ಗಳನ್ನು ತೋರಿಸಿರಲಿಲ್ಲ. ಬಿಲ್ ಕೈಯಲ್ಲಿದೆಯಲ್ಲ ಎಂದು ನಾವು 3ಬಿಯಲ್ಲಿ, ಅಂದರೆ ನಮ್ಮ ತಿಂಗಳ ರಿಟರ್ನ್‌ನಲ್ಲಿ, ಆ ತೆರಿಗೆಯ ಕ್ರೆಡಿಟ್ ತೆಗೆದುಕೊಂಡಿದ್ದೆವು; ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿದ್ದೆವು. ಮಾರಿದವರ ರಿಟರ್ನ್‌ನಿಂದ ತಯಾರಾಗುವ ನಮ್ಮ ಖರೀದಿ ಪಟ್ಟಿ 2ಎಯಲ್ಲಿ ಅದು ಇರಲಿಲ್ಲ. ಇಷ್ಟಕ್ಕೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 73ರಡಿ ನೋಟಿಸ್ ಬಂದಿದೆ, ನಾವು ಉತ್ತರ ಕೊಟ್ಟಿಲ್ಲ, 2024ರ ಏಪ್ರಿಲ್‌ನಲ್ಲಿ ಆದೇಶವೂ ಆಗಿದೆ. ಎಲ್ಲವೂ ಜಿಎಸ್‌ಟಿ ಪೋರ್ಟಲ್‌ನಲ್ಲೇ ಇತ್ತು. ನಾನು ತಿಂಗಳು ತಿಂಗಳು ನೋಡುತ್ತಿದ್ದ ನೋಟಿಸ್ ಪುಟದಲ್ಲಲ್ಲ, ‘ಹೆಚ್ಚುವರಿ ನೋಟಿಸ್ ಮತ್ತು ಆದೇಶ’ ಎಂಬ ಇನ್ನೊಂದು ಟ್ಯಾಬಿನಲ್ಲಿ. ಇಮೇಲ್ ಹೋಗುತ್ತಿದ್ದದ್ದು 2017ರಲ್ಲಿ ನೋಂದಣಿ ಮಾಡಿಸಿಕೊಟ್ಟವರ ವಿಳಾಸಕ್ಕೆ. ಅದನ್ನು ಬದಲಿಸಬೇಕಿತ್ತು, ಬದಲಿಸಿರಲಿಲ್ಲ. ಆ ತಪ್ಪು ನನ್ನದೇ.

ಆಡಿಟರ್ ಹಾಳೆಯ ಮೇಲೆ ಬರೆದು ತೋರಿಸಿದರು. ತೆರಿಗೆ 96,000. ವರ್ಷಕ್ಕೆ 18%ರಂತೆ ಬಡ್ಡಿ 86 ಸಾವಿರದ ಚಿಲ್ಲರೆ. ದಂಡ ತೆರಿಗೆಯ 10% ಅಥವಾ 10 ಸಾವಿರ, ಯಾವುದು ಹೆಚ್ಚೋ ಅದು. ಕೇಂದ್ರದ ಪಾಲಿಗೊಂದು, ರಾಜ್ಯದ ಪಾಲಿಗೊಂದು ಸೇರಿ 20,000. ಒಟ್ಟು 2 ಲಕ್ಷ ದಾಟಿತ್ತು. ಅಪ್ಪ ಮೊತ್ತ ನೋಡಲಿಲ್ಲ, ‘ದಂಡ’ ಎಂಬ ಪದದ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಅವರ ಪ್ರಕಾರ ದಂಡ ಬೀಳುವುದು ಕದ್ದವರಿಗೆ.

ನನ್ನನ್ನು ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. 2017-18 ಮತ್ತು 2018-19ರ ಇಂಥ ವ್ಯತ್ಯಾಸಗಳಿಗೆಂದೇ 2022ರ ಡಿಸೆಂಬರ್‌ನಲ್ಲಿ ತೆರಿಗೆ ಇಲಾಖೆಯ ಒಂದು ಸುತ್ತೋಲೆ ಬಂದಿತ್ತು. ಒಬ್ಬ ಸಪ್ಲೈಯರ್‌ನ ವ್ಯತ್ಯಾಸ ವರ್ಷಕ್ಕೆ 5 ಲಕ್ಷದೊಳಗಿದ್ದರೆ, ಮಾಲು ಕೊಟ್ಟಿದ್ದೇನೆ, ತೆರಿಗೆಯನ್ನೂ ಕಟ್ಟಿದ್ದೇನೆ ಎಂದು ಆತನೇ ಬರೆದುಕೊಡುವ ಪತ್ರ ಸಾಕಿತ್ತು. ನೋಟಿಸ್ ಸಕಾಲಕ್ಕೆ ಕಣ್ಣಿಗೆ ಬಿದ್ದಿದ್ದರೆ ಆತನನ್ನು ಹುಡುಕಿ ಕೇಳಬಹುದಿತ್ತು. ಈಗ ಮೇಲ್ಮನವಿಯ ಬಾಗಿಲೂ ಮುಚ್ಚಿತ್ತು. ಆದೇಶದಿಂದ 3 ತಿಂಗಳು, ತಕ್ಕ ಕಾರಣವಿದ್ದರೆ ಮೇಲೊಂದು ತಿಂಗಳು, ಅಷ್ಟೇ ಗಡುವು.

‘ಎರಡು ದಾರಿ ಇದೆ, ಯಜಮಾನ್ರೇ’ ಎಂದರು ಆಡಿಟರ್. ಮೊದಲನೆಯದು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಆ ಟ್ಯಾಬಿನಲ್ಲಿದ್ದ ನೋಟಿಸ್ ನೋಡಲಾಗಲಿಲ್ಲ ಎಂದು ಕೋರ್ಟಿಗೆ ಹೋದವರು ದೇಶದಲ್ಲಿ ಬಹಳ ಜನ. ಮದ್ರಾಸ್ ಮತ್ತು ದೆಹಲಿ ಹೈಕೋರ್ಟುಗಳು ಇಂಥ ಎಷ್ಟೋ ಆದೇಶಗಳನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿವೆ. ಇನ್ನೊಂದು ದಾರಿ ಅದೇ ಕಾಯ್ದೆಯ ಸೆಕ್ಷನ್ 128ಎ. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯ 53ನೇ ಸಭೆ ಶಿಫಾರಸು ಮಾಡಿ, ನವೆಂಬರ್ 1ರಿಂದ ಜಾರಿಗೆ ಬಂದದ್ದು. ಮೊದಲ ಮೂರು ವರ್ಷಗಳ, ಅಂದರೆ 2017-18ರಿಂದ 2019-20ರವರೆಗಿನ, ಮೋಸದ ಆರೋಪವಿಲ್ಲದ ಸೆಕ್ಷನ್ 73ರ ಪ್ರಕರಣಗಳಲ್ಲಿ 2025ರ ಮಾರ್ಚ್ 31ರೊಳಗೆ ತೆರಿಗೆಯನ್ನು ಪೂರ್ತಿ ಕಟ್ಟಿದರೆ ಬಡ್ಡಿಯೂ ದಂಡವೂ ಮನ್ನಾ ಆಗುತ್ತಿತ್ತು. ಆದರೆ ತಾನಾಗಿ ಆಗುವುದಲ್ಲ, ನಾವೇ ಅರ್ಜಿ ಹಾಕಬೇಕಿತ್ತು.

ಮನೆಗೆ ಬಂದ ಮೇಲೆ ಎರಡು ದಿನ ಅಪ್ಪ ಒಪ್ಪಲಿಲ್ಲ. ‘ಸಪ್ಲೈಯರ್‌ಗೆ ತೆರಿಗೆ ಸೇರಿಸಿಯೇ ದುಡ್ಡು ಕೊಟ್ಟಿದೀನಿ. ಈಗ ಮತ್ತೆ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಲ್ವಾ?’ ಅವರ ಮಾತಿನಲ್ಲಿ ನ್ಯಾಯವಿತ್ತು, ಈಗಲೂ ಇದೆ ಎಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಹೇಳುವುದು ಬೇರೆ: ಮಾರಿದವನು ಸರ್ಕಾರಕ್ಕೆ ಕಟ್ಟಿದ್ದರೆ ಮಾತ್ರ ಕೊಂಡವನಿಗೆ ಕ್ರೆಡಿಟ್. ರಿಟ್ ಗೆದ್ದರೂ ಪ್ರಕರಣ ಮತ್ತೆ ಅದೇ ಮೇಜಿಗೆ ಬರುತ್ತದೆ, ಆಗ ಸಪ್ಲೈಯರ್‌ನ ಪತ್ರ ಬೇಕು. ಆತ ವ್ಯಾಪಾರ ಮುಚ್ಚಿ ವರ್ಷಗಳಾಗಿವೆ, ಫೋನ್ ನಂಬರ್ ಬೇರೆ ಯಾರದ್ದೋ ಆಗಿದೆ. ಇದನ್ನೆಲ್ಲ ಹೇಳಿದಾಗ ಅಪ್ಪ ಎದ್ದುಹೋಗಿ ಬೀರುವಿನಿಂದ ಎಫ್‌ಡಿ ರಸೀದಿ ತಂದು ನನ್ನ ಮುಂದಿಟ್ಟರು. ಮಾತಾಡಲಿಲ್ಲ.

ಫೆಬ್ರವರಿಯಲ್ಲಿ ಡಿಆರ್‌ಸಿ-03 ಎಂಬ ಪಾವತಿ ಫಾರ್ಮ್ ಮೂಲಕ 96,000 ಕಟ್ಟಿದೆ. ಮುಗಿಯಿತು ಅಂದುಕೊಂಡರೆ, ಪೋರ್ಟಲ್‌ನಲ್ಲಿ ಬಾಕಿ ಹಾಗೇ ನಿಂತಿದೆ! ಒಂದು ರಾತ್ರಿ ನಿದ್ದೆ ಬರಲಿಲ್ಲ. ಡಿಆರ್‌ಸಿ-03ರಲ್ಲಿ ಕಟ್ಟಿದ ಹಣ ಆದೇಶದ ಬಾಕಿಗೆ ತಾನಾಗಿ ಸೇರುವುದಿಲ್ಲವಂತೆ. ಡಿಆರ್‌ಸಿ-03ಎ ಎಂಬ ಇನ್ನೊಂದು ಫಾರ್ಮ್ ತುಂಬಿ, ಈ ಹಣ ಈ ಆದೇಶಕ್ಕೆ ಎಂದು ಜೋಡಿಸಬೇಕು. ಆದೇಶದ ಬಾಕಿಯನ್ನು ಡಿಆರ್‌ಸಿ-03ರಲ್ಲಿ ಕಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಇದೊಂದು ಮರೆಯಬೇಡಿ. ಬಾಕಿಯ ಸಾಲಿನಲ್ಲಿ ತೆರಿಗೆ ಸೊನ್ನೆಯಾಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಮನ್ನಾ ಕೇಳುವ ಎಸ್‌ಪಿಎಲ್-02 ಅರ್ಜಿ ತುಂಬಿದ್ದು. ಆಗ ಮಾರ್ಚ್ ಮೂರನೇ ವಾರ.

ಅರ್ಜಿಯ ಪ್ರತಿ ಹಿಡಿದು ನಾನೂ ಅಪ್ಪನೂ ತೆರಿಗೆ ಕಚೇರಿಗೆ ಹೋದೆವು, ಖಾತೆಯ ತಡೆ ತೆಗೆಸಲು. ಅಧಿಕಾರಿ ಮೇಡಂ ಕಾಗದಗಳನ್ನು ಒಂದೊಂದಾಗಿ ಓದಿ, ‘ನೋಟಿಸಿಗೆ ಯಾಕೆ ಉತ್ತರ ಕೊಡಲಿಲ್ಲ?’ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅಪ್ಪ ಚೀಲದಿಂದ 2018ರ ಬಿಲ್‌ಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ‘ಮೇಡಂ, ನಾವು ಮಾಲು ತಗೊಂಡಿದ್ದು ನಿಜ, ದುಡ್ಡು ಕೊಟ್ಟಿದ್ದೂ ನಿಜ’ ಎಂದರು. ಅರ್ಜಿಗೆ ಆ ಬಿಲ್‌ಗಳ ಅಗತ್ಯವೇ ಇರಲಿಲ್ಲ. ಆದರೂ ಮೇಡಂ ನಾಲ್ಕಾರು ಬಿಲ್ ತಿರುವಿ ನೋಡಿ, ‘ಗೊತ್ತಾಗುತ್ತೆ, ಕೂತ್ಕೊಳ್ಳಿ’ ಎಂದರು. ಅಪ್ಪನ ಭುಜ ಇಳಿದದ್ದು ಆಗ. ಆ ವಾರದಲ್ಲೇ ಖಾತೆ ಬಿಡುಗಡೆಯಾಯಿತು.

ಮನ್ನಾ ಆದೇಶ ಎಸ್‌ಪಿಎಲ್-05 ಜೂನ್‌ನಲ್ಲಿ ಬಂತು. ಮುದ್ರಿಸಿ ಕೊಟ್ಟೆ. ಅಪ್ಪ ಬಡ್ಡಿಯ ಸಾಲು ಓದಿದರು, ದಂಡದ ಸಾಲನ್ನು ಎರಡು ಸಲ ಓದಿದರು.

‘ಹಾಗಾದರೆ ಆ 96 ಸಾವಿರ?’

‘ಅದು ವಾಪಸ್ ಬರಲ್ಲ ಅಪ್ಪ.’

ಅವರು ತಲೆಯಾಡಿಸಿ ಆದೇಶವನ್ನು ಫೈಲಿಗೆ ಸೇರಿಸಿದರು. 2018ರ ಬಿಲ್‌ಗಳ ಕಟ್ಟನ್ನೂ ಅದರ ಹಿಂದೆಯೇ ಇಟ್ಟು, ‘ಇದನ್ನ ಮಾತ್ರ ಬಿಸಾಕಬೇಡ’ ಎಂದರು. ಈಗ ಪ್ರತಿ ಶನಿವಾರ ಬಟವಾಡೆಗೆ ಮುಂಚೆ ಅವರೇ ಬಂದು ನನ್ನ ಹಿಂದೆ ನಿಲ್ಲುತ್ತಾರೆ. ನಾನು ಆ ಟ್ಯಾಬ್ ತೆರೆದು ತೋರಿಸುತ್ತೇನೆ.