ಹೇಳಿಬಿಟ್ಟರೆ ಆಯಿತಲ್ಲ?

"ನಿಮ್ಮದು ಬಿಡಿ, ಸುಲಭ. ಏನು ಬೇಕಾದರೂ ಮಾಡಿ, ಆಮೇಲೆ ಹೋಗಿ ಫಾದರ್ ಕಿವಿಯಲ್ಲಿ ಹೇಳಿಬಿಟ್ಟರೆ ಆಯಿತಲ್ಲ?"

ನಾವು ಕಥೋಲಿಕರು ಗುರುಗಳ ಬಳಿ ಪಾಪ ಹೇಳಿಕೊಂಡು ದೇವರ ಕ್ಷಮೆ ಬೇಡುವ ಪಾಪನಿವೇದನೆಯ ಬಗ್ಗೆ ಹೀಗೆ ಕೇಳುವವರು ಬಹುತೇಕ ನನಗೆ ಬೇಕಾದವರೇ. ಆದರೂ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇದು ಪ್ರಶ್ನೆಯೂ ಅಲ್ಲ. ಕೊನೆಯಲ್ಲಿ ಒಂದು ನಗು ಇರುತ್ತದೆ, ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತದೆ. ಸುಲಭ ಅನ್ನುವವರು ಒಂದು ಕೆಲಸ ಮಾಡಿ ನೋಡಲಿ. ತಾವು ಮಾಡಿದ ಅತಿ ಸಣ್ಣತನದ ಕೆಲಸವನ್ನು "ಆದರೆ", "ಯಾಕೆಂದರೆ" ಸೇರಿಸದೆ, ಇನ್ನೊಬ್ಬ ಮನುಷ್ಯನಿಗೆ ಕೇಳಿಸುವಂತೆ ಒಂದೇ ವಾಕ್ಯದಲ್ಲಿ ಹೇಳಲಿ. ದೊಡ್ಡ ಪಾಪವೇ ಬೇಕಿಲ್ಲ, ಸಣ್ಣತನ ಸಾಕು. ಆಮೇಲೆ ಬಂದು ಸುಲಭವೋ ಅಲ್ಲವೋ ತಿಳಿಸಿ.

ಇನ್ನು, ಈ ಚಮತ್ಕಾರ ನಿಮಗೇ ಮೊದಲು ಹೊಳೆದದ್ದು ಅಂದುಕೊಂಡಿದ್ದರೆ ನಿರಾಸೆ ಮಾಡುವುದಕ್ಕೆ ಕ್ಷಮಿಸಿ. ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೋ ಎಂದು ಸಂತ ಪೌಲನೇ ರೋಮಿನವರಿಗೆ ಬರೆದ ಪತ್ರದಲ್ಲಿ ಕೇಳಿ, ಎಂದಿಗೂ ಇಲ್ಲ ಎಂದು ಉತ್ತರವನ್ನೂ ಕೊಟ್ಟಿದ್ದಾನೆ. ಮೊದಲ ಶತಮಾನಗಳ ಕ್ರೈಸ್ತರಿಗೆ ನಿಮ್ಮಷ್ಟೇ ಅನುಮಾನ ಇತ್ತು. ಅದಕ್ಕೇ ಕ್ರೈಸ್ತನಾಗಲು ಪಡೆಯುವ ದೀಕ್ಷಾಸ್ನಾನದ ನಂತರ ಮಾಡಿದ ಘೋರ ಪಾಪಕ್ಕೆ ಬಹಿರಂಗ ಪ್ರಾಯಶ್ಚಿತ್ತ ಇಟ್ಟರು, ಅದೂ ಜೀವಮಾನದಲ್ಲಿ ಒಂದೇ ಸಲ. ಮತ್ತೆ ಜಾರಿದರೆ ಇನ್ನೊಂದು ಅವಕಾಶವಿಲ್ಲ. ಹೆದರಿದ ಜನ ದೀಕ್ಷಾಸ್ನಾನವನ್ನೇ ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆ ಹಿಡಿದ ಮೇಲೆ. 390ರಲ್ಲಿ ಥೆಸಲೋನಿಕದಲ್ಲಿ ಜನರ ಮಾರಣಹೋಮ ಮಾಡಿಸಿದ ಚಕ್ರವರ್ತಿ ಥಿಯೊಡೋಸಿಯಸ್‌ಗೆ ಮಿಲಾನಿನ ಬಿಷಪ್ ಆಂಬ್ರೋಸ್ ಪೂಜೆಯಲ್ಲಿ ಹಂಚುವ ಪರಮಪ್ರಸಾದ ಕೊಡಲು ಒಪ್ಪಲಿಲ್ಲ. ಆತ ರಾಜಲಾಂಛನ ಕಳಚಿಟ್ಟು ಎಲ್ಲರ ಕಣ್ಣೆದುರು ಅಳಬೇಕಾಯಿತು. ಗುಟ್ಟಾಗಿ, ಮತ್ತೆ ಮತ್ತೆ ಹೇಳಿಕೊಳ್ಳುವ ಪದ್ಧತಿ ಬಂದದ್ದು ಆಮೇಲೆ, ಮುಖ್ಯವಾಗಿ ಐರ್ಲೆಂಡಿನ ಸನ್ಯಾಸಿಗಳಿಂದ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂಬ ಕಟ್ಟಳೆ 1215ರದು. ನಿಮಗೆ ಸಲೀಸಾಗಿ ಕಾಣುವ ಈ ಬಾಗಿಲು ತೆರೆದುಕೊಳ್ಳಲು ಶತಮಾನಗಳೇ ಹಿಡಿದವು.

ತೆರೆದ ಮೇಲೂ ಸುಮ್ಮನೆ ಒಳಗೆ ಬಿಡುವುದಿಲ್ಲ. ಇನ್ನು ಮಾಡುವುದಿಲ್ಲ ಎಂಬ ಸಂಕಲ್ಪವಿಲ್ಲದೆ, ಮುಂದಿನ ವಾರದ ಪಾಪವನ್ನು ಜೇಬಿನಲ್ಲಿಟ್ಟುಕೊಂಡೇ ಹೋದವನಿಗೆ ಪಾಪವಿಮೋಚನೆಯ ಮಾತು ತಟ್ಟುವುದೇ ಇಲ್ಲ. ಇದನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ.

ಇಷ್ಟೆಲ್ಲ ವೀರಾವೇಶದಿಂದ ವಾದಿಸಬಲ್ಲೆ. ತೊಂದರೆ ಏನೆಂದರೆ, ನಿಮ್ಮ ಆ ನಗುವಿಗೆ ನಡೆದಾಡುವ ಪುರಾವೆಯಂಥ ಒಬ್ಬರು ನನಗೆ ಗೊತ್ತು.

ಹೆಸರು ಬೇಡ. ನನ್ನಿಂದ ಹಣ ಪಡೆದವರು. ದೊಡ್ಡ ಮೊತ್ತವೇ, ಕೊಡುವಾಗ ನನಗೂ ಕಷ್ಟವಾಗಿತ್ತು. ಹೇಳಿದ ಗಡುವು ದಾಟಿತು, ಆಮೇಲೆ ಫೋನ್ ಎತ್ತುವುದು ನಿಂತಿತು, ಕೊನೆಗೆ ನನ್ನನ್ನು ದೂರದಿಂದ ಕಂಡರೆ ದಾರಿ ಬದಲಿಸುವುದೂ ಶುರುವಾಯಿತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಒಂದು ತಪಸ್ಸು ಕಾಲದಲ್ಲಿ, ಧ್ಯಾನಕೂಟ ಮುಗಿದ ಮೇಲೆ, ಅವರೇ ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. "ಎಲ್ಲ ಪಾಪನಿವೇದನೆ ಮಾಡಿಬಿಟ್ಟೆ. ನಿಮ್ಮ ವಿಷಯವನ್ನೂ ಹೇಳಿದೆ. ದೇವರು ಕ್ಷಮಿಸಿದ್ದಾನೆ. ಈಗ ಮನಸ್ಸು ಎಷ್ಟು ಹಗುರ ಗೊತ್ತಾ!"

ನಾನು ಕಾದೆ. ಮುಂದಿನ ವಾಕ್ಯ ಬರುತ್ತದೆ ಅಂದುಕೊಂಡೆ. ಬಂದದ್ದು ಇದು: ನಲವತ್ತು ದಿನ ಮಾಂಸ ಮುಟ್ಟುವುದಿಲ್ಲವಂತೆ, ಶುಕ್ರವಾರ ಪೂರ್ತಿ ಉಪವಾಸವಂತೆ. ಹೆಗಲು ತಟ್ಟಿ ಹೋದರು. ಅವರ ಮನಸ್ಸು ಹಗುರವಾಗಿತ್ತು, ನನ್ನ ಜೇಬು ಮೊದಲೇ ಹಗುರವಾಗಿತ್ತು.

ಒಳಗೆ ಫಾದರ್ ಇವರಿಗೆ ಏನು ಹೇಳಿದರೋ ತಿಳಿಯುವ ಹಾಗಿಲ್ಲ. ಆ ಗುಟ್ಟನ್ನು ನೇರವಾಗಿ ಬಯಲು ಮಾಡಿದ ಗುರುವಿಗೆ ಬಹಿಷ್ಕಾರವೇ ಶಿಕ್ಷೆ, ಹಾಗಾಗಿ ಕೇಳುವುದೂ ತಪ್ಪು. "ಹಣ ಹಿಂತಿರುಗಿಸು" ಎಂದೇ ಹೇಳಿರಬಹುದು. ಹಾಗೆ ಹೇಳದಿದ್ದರೆ ತಮ್ಮ ಕೆಲಸ ಅರ್ಧಕ್ಕೆ ಬಿಟ್ಟರು ಅನ್ನುತ್ತೇನೆ.

ಅಂದಿನಿಂದ, ಹೇಳಿಬಿಟ್ಟರೆ ಆಯಿತಲ್ಲ ಎಂದು ಯಾರಾದರೂ ನಕ್ಕಾಗಲೆಲ್ಲ, ಇವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳಬಾರದೇ ಅನಿಸುತ್ತದೆ: ದೇವರು ಕ್ಷಮಿಸಿದ ಮೇಲೆ ಏಟು ತಿಂದವನ ಗತಿ ಏನು? ಅದನ್ನು ಕೇಳಿ. ಕುರ್ಚಿ ಎಳೆದುಕೊಂಡು ಕೂತು ಉತ್ತರ ಕೊಡುತ್ತೇನೆ.

ಇದಕ್ಕೆ ಬೈಬಲ್ಲು ಗೊಣಗುವುದೇ ಇಲ್ಲ, ನೇರವಾಗಿ ಲೆಕ್ಕ ಹೇಳುತ್ತದೆ. ಸಂಖ್ಯಾಕಾಂಡದ ಪ್ರಕಾರ, ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆಗೆ ಅದರ ಐದನೇ ಒಂದು ಪಾಲು ಸೇರಿಸಿ, ಅನ್ಯಾಯಕ್ಕೆ ಒಳಗಾದವನಿಗೆ ಕೊಡಬೇಕು. ಕುರಿ ಕದ್ದು ಕೊಂದರೆ ಅಥವಾ ಮಾರಿದರೆ ಒಂದಕ್ಕೆ ನಾಲ್ಕು, ಇದು ವಿಮೋಚನಕಾಂಡ. ಈಗ ಜೆರಿಕೋದ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವ. ಎಲ್ಲರಿಗೂ ಮರ ನೆನಪಿದೆ, ಲೆಕ್ಕ ಯಾರಿಗೂ ನೆನಪಿಲ್ಲ. ತಾನೇ ಒಪ್ಪಿಕೊಂಡವನು ಐದನೇ ಒಂದು ಪಾಲು ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಆತ ಕುರಿಗಳ್ಳನ ದರವನ್ನೇ ತನಗೆ ಹಾಕಿಕೊಂಡ: ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಅದಕ್ಕೆ ಮೊದಲು ಆಸ್ತಿಯ ಅರ್ಧ ಬಡವರಿಗೆ. ಯೇಸು ಇದನ್ನೆಲ್ಲ ಷರತ್ತಾಗಿ ಕೇಳಿರಲಿಲ್ಲ, ನಿನ್ನ ಮನೆಗೆ ಬರುತ್ತೇನೆ ಎಂದಷ್ಟೇ ಹೇಳಿದ್ದು. ಕೃಪೆ ಮೊದಲು ಬಂತು, ನಿಜ. ಆದರೆ ಅದರ ಹಿಂದೆಯೇ ಹಣದ ಚೀಲದ ಬಾಯಿ ಬಿಚ್ಚಿತು. ಈ ಮನೆಗೆ ಇಂದು ಉದ್ಧಾರ ಬಂತು ಎಂಬ ಮಾತು ಬಂದದ್ದು ಅದಾದ ನಂತರ.

ಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನುತ್ತಾನೆ ಯೇಸು, ಮತ್ತಾಯನ ಶುಭಸಂದೇಶದಲ್ಲಿ. ಆರಂಭ ಕಾಲದ ಬಿಷಪ್ ಸಂತ ಅಗಸ್ಟೀನ್ ಒಂದು ಪತ್ರದಲ್ಲಿ ಇನ್ನೂ ಖಾರವಾಗಿ ಬರೆದಿದ್ದಾನೆ: ಹಿಂತಿರುಗಿಸಲು ಸಾಧ್ಯವಿದ್ದೂ ಹಿಂತಿರುಗಿಸದವನದು ಪಶ್ಚಾತ್ತಾಪವಲ್ಲ, ಅದರ ನಟನೆ. ಆಗದವನ ಮಾತು ಬೇರೆ. ಸತ್ಯವಾಗಿಯೂ ಕೈಯಲ್ಲಿಲ್ಲದವನನ್ನು ಯಾರೂ ಹಿಂಡಬೇಕಿಲ್ಲ, ನಾನಂತೂ ಹಿಂಡುವುದಿಲ್ಲ. ಆದರೆ "ಆಗುತ್ತಿಲ್ಲ" ಎಂದು ಎದುರು ನಿಂತು ಹೇಳಲು ಕಾಸು ಖರ್ಚಾಗುವುದಿಲ್ಲವಲ್ಲ.

ಇನ್ನು ಆ ಉಪವಾಸ. ತನ್ನನ್ನು ನಿರಾಕರಿಸಿ, ಶಿಲುಬೆ ಹೊತ್ತು ಹಿಂದೆ ಬಾ ಎಂಬುದು ಯೇಸುವಿನ ಕರೆ. ನಾವು ಜಾಣರು, "ತನ್ನನ್ನು" ಎಂಬಲ್ಲಿ ಮಾಂಸವನ್ನು ಕೂರಿಸಿ ನಿರಾಕರಿಸುತ್ತೇವೆ. ಮಾಂಸ ಬಿಟ್ಟ "ನಾನು" ಈಸ್ಟರ್ ಹೊತ್ತಿಗೆ ಇನ್ನಷ್ಟು ಕೊಬ್ಬಿರುತ್ತದೆ. (ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ನಾವು ಓದುವುದು, ಉಪವಾಸ ಮಾಡುವಾಗ ಮುಖ ತೊಳೆದುಕೊಂಡಿರು, ಯಾರಿಗೂ ಗೊತ್ತಾಗದಿರಲಿ ಎಂಬ ಭಾಗವನ್ನು. ಓದಿದ ಕೂಡಲೇ ಸಾಲಾಗಿ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಇದರ ಬಗ್ಗೆ ಯಾರೂ ನನ್ನನ್ನು ಚುಡಾಯಿಸಿಲ್ಲ, ಆಶ್ಚರ್ಯ.) ನನಗೆ ಹಿಡಿಸುವವನು 2ನೇ ಶತಮಾನದ ರೋಮಿನ ಕ್ರೈಸ್ತ ಲೇಖಕ ಹೆರ್ಮಾಸ್. ಉಪವಾಸದ ದಿನ ಉಣ್ಣದೆ ಉಳಿಸಿದ ಊಟದ ಬೆಲೆಯನ್ನು ಲೆಕ್ಕಹಾಕಿ, ಅದನ್ನು ವಿಧವೆಗೋ ಅನಾಥನಿಗೋ ಕೊಡು ಅನ್ನುತ್ತಾನೆ. ಹಸಿವು ಇಲ್ಲಿ, ಅನ್ನ ಅಲ್ಲಿ. ಈ ಲೆಕ್ಕದಲ್ಲಿ ನಮ್ಮ ಸಾಲಗಾರರ ನಲವತ್ತು ದಿನಗಳ ಮಾಂಸದ ದುಡ್ಡು ನನ್ನ ಕೈ ಸೇರಿದ್ದರೂ ಒಂದು ಕಂತಾಗುತ್ತಿತ್ತು.

"ನೀನೂ ಕ್ರೈಸ್ತನಲ್ಲವಾ, ಕ್ಷಮಿಸಿಬಿಡು" ಎಂದು ಈ ಕತೆ ಕೇಳಿದವರು ಹೇಳುತ್ತಾರೆ. ಸಿಟ್ಟನ್ನು ಬಿಡಲು ಪ್ರಯತ್ನಿಸುತ್ತಿದ್ದೇನೆ, ಕೆಲವು ದಿನ ಬಿಟ್ಟಿರುತ್ತೇನೆ ಕೂಡ. ಸಾಲವನ್ನೂ ಒಂದು ದಿನ ಬಿಟ್ಟೇನು. ಆದರೆ ಹಾಗೆ ಬಿಡುವವನು ನಾನಾಗಿರಬೇಕು. ನನ್ನ ಪರವಾಗಿ ಅವರೇ ಮನ್ನಾ ಮಾಡಿಕೊಂಡು, ಅದಕ್ಕೆ ದೇವರ ರುಜು ಹಾಕಿಸಿಕೊಂಡು ಬಂದರೆ ನಾನು ಒಪ್ಪುವುದಿಲ್ಲ. ಶುಕ್ರವಾರ ಅವರಿಗೆ ಫೋನ್ ಮಾಡಬೇಕು. ಅಂದು ಇಬ್ಬರೂ ಉಪವಾಸ, ಮಾತು ಬೇಗ ವಿಷಯಕ್ಕೆ ಬಂದೀತು.