ಟ್ಯಾಬ್ ಕೈಬಿಟ್ಟ ಮೇಲೆ

ದ್ವಿತೀಯ ಪಿಯುಸಿಗೆ ಕಾಲಿಟ್ಟಿದ್ದ ತಂಗಿಯ ಮಗಳು ನೀಟ್ ಪರೀಕ್ಷೆಯ ಪಾಠಗಳನ್ನೆಲ್ಲ ತನ್ನ ತಾಯಿಯ ಮೊಬೈಲಿನಲ್ಲಿ ನೋಡುತ್ತಿದ್ದಳು. ರಸಾಯನಶಾಸ್ತ್ರದ ಚಿತ್ರಗಳನ್ನು ಆ ಪುಟ್ಟ ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಅವಳ ಕಣ್ಣು ಕೆಂಪಾಗುತ್ತಿದ್ದುದನ್ನು ಕಂಡು, ಕಳೆದ ಜೂನ್ ತಿಂಗಳಲ್ಲಿ ನನ್ನ ಹತ್ತು ಇಂಚಿನ ಟ್ಯಾಬನ್ನು ಅವಳಿಗೆ ಕೊಟ್ಟೆ. ಅದನ್ನು ನಾನು ಮನರಂಜನೆಗಿಂತ ದುಡಿಮೆಗೇ ಹೆಚ್ಚಾಗಿ ಬಳಸುತ್ತಿದ್ದೆ. ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಪ್ರಕಾಶಕರು ಪಿಡಿಎಫ್ ಕಳುಹಿಸುತ್ತಿದ್ದರು, ನಾನು ಟ್ಯಾಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿ ಹಿಂತಿರುಗಿಸುತ್ತಿದ್ದೆ. ಹಲವು ವರ್ಷಗಳಿಂದ ಕೆಲಸ ಹೀಗೆಯೇ ಸಾಗಿತ್ತು.

ಬದಲಾವಣೆ ಮೊದಲು ಕಾಣಿಸಿದ್ದೂ ಈ ಕೆಲಸದಲ್ಲಿಯೇ. ಕರಡನ್ನು ಮೊಬೈಲಿನಲ್ಲಿ ತಿದ್ದುವುದು ಆಗದ ಮಾತು. ಹೀಗಾಗಿ ಬೀದಿಯ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಪುಟಗಳನ್ನು ಮುದ್ರಿಸಿಕೊಂಡು ಬಂದು, ಕೆಂಪು ಶಾಯಿಯ ಪೆನ್ನು ಹಿಡಿದು ಊಟದ ಮೇಜಿನ ಮುಂದೆ ಕುಳಿತೆ. ಟ್ಯಾಬಿನಲ್ಲಿ ಡೆಮಿ 1/8 ಆಕಾರದ ಪುಟ ಹೆಚ್ಚುಕಡಿಮೆ ಪೂರ್ತಿಯಾಗಿಯೇ ಕೂರುತ್ತದೆ ಎಂಬುದು ನಿಜ; ಆದರೆ ಕನ್ನಡದ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಬಹಳ ಚಿಕ್ಕವು, ಅವು ಸರಿಯಾಗಿವೆಯೇ ಎಂದು ನೋಡಲು ಪುಟವನ್ನು ಹಿಗ್ಗಿಸಲೇಬೇಕು, ಹಿಗ್ಗಿಸಿದೊಡನೆ ಪುಟದ ಕಾಲುಭಾಗ ಮಾತ್ರ ಕಣ್ಣ ಮುಂದೆ ಉಳಿಯುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾದ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರುವುದುಂಟು, ಒತ್ತು ಕಳಚಿ ಬೇರೆಯಾಗಿ ನಿಲ್ಲುವುದುಂಟು. ಇಂಥವನ್ನು ಹಿಡಿಯುವುದಕ್ಕೆ ಹಿಗ್ಗಿಸಿದ ಪರದೆಗಿಂತ ಉತ್ತಮವಾದ ಸಾಧನವಿಲ್ಲ ಎಂದು ಈಗಲೂ ಹೇಳುತ್ತೇನೆ.

ಕಾಗದ ಹಿಡಿದುಕೊಡುವ ತಪ್ಪುಗಳು ಬೇರೆ ಜಾತಿಯವು. ಮುದ್ರಣದವರು ಫಾರಂ ಎನ್ನುವ ಹದಿನಾರು ಪುಟಗಳ ಒಂದು ಕಟ್ಟನ್ನು ಪೂರ್ತಿ ಮೇಜಿನ ಮೇಲೆ ಹರಡಿಕೊಂಡಾಗ, ಒಂದು ಕಡೆ ‘ವೆಂಕಟೇಶ’ ಎಂದಿರುವ ಪಾತ್ರ ಐದು ಪುಟಗಳ ನಂತರ ‘ವೆಂಕಟೇಶ್’ ಆಗಿರುವುದು, ಒಂದೇ ಉಪಶೀರ್ಷಿಕೆ ಎರಡು ಕಡೆ ಎರಡು ಗಾತ್ರದಲ್ಲಿ ಬಂದಿರುವುದು, ಅಡಿಟಿಪ್ಪಣಿಯ ಸಂಖ್ಯೆ ಏಳರಿಂದ ಒಂಬತ್ತಕ್ಕೆ ಹಾರಿರುವುದು ಹುಡುಕದೆಯೇ ಎದ್ದು ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಓದುವ ನಡೆಯೇ ಬದಲಾಯಿತು. ಪರದೆಯ ಮೇಲೆ ನಾನು ಅಕ್ಷರದಿಂದ ಅಕ್ಷರಕ್ಕೆ ದಾಟುತ್ತಿದ್ದೆ. ಕಾಗದದ ಮೇಲೆ ವಾಕ್ಯವನ್ನು ಮನಸ್ಸಿನಲ್ಲೇ ಉಚ್ಚರಿಸುತ್ತ ಓದುತ್ತೇನೆ, ಲೇಖಕರ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ, ಅಲ್ಪವಿರಾಮ ಎಲ್ಲಿ ಬೇಕು ಎಂಬುದಕ್ಕೆ ವ್ಯಾಕರಣವನ್ನು ನೆನೆಯಬೇಕಾಗುವುದಿಲ್ಲ. ಮುದ್ರಣದ ಖರ್ಚು ಕೈಯಿಂದಲೇ ಹೋಗುತ್ತದೆ, ಆದರೂ ಕೆಲಸ ಚೆನ್ನಾಗಿ ಆಗುತ್ತಿದೆ ಎಂಬ ತೃಪ್ತಿ ನನಗೆ ದೊಡ್ಡದು.

ನಿಜವಾದ ನಷ್ಟವೂ ಇದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಟ್ಯಾಬಿನಲ್ಲಿ ಓದಲು ಬರುತ್ತಿದ್ದಂತೆ ಬೇರೆಲ್ಲೂ ಬರುವುದಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲ್ಲರ ನಿಘಂಟು ನನಗೆ ದಿನಬಳಕೆಯ ಪುಸ್ತಕ. ಆ ಒತ್ತಾದ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ಓದಲು ಹೋದರೆ ಐವತ್ತು ದಾಟಿದ ಕಣ್ಣು ಸಹಕರಿಸುವುದಿಲ್ಲ. ಅನುಮಾನ ಬಂದ ಪದಗಳನ್ನು ಈಗ ಚೀಟಿಯಲ್ಲಿ ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ಇಲ್ಲಿ ಶಿವಮೊಗ್ಗದ ಗ್ರಂಥಾಲಯಕ್ಕೆ ಹೋಗಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದು ನೋಡುತ್ತೇನೆ. ಆ ನಿಘಂಟು ಪದದ ಅರ್ಥದ ಜೊತೆಗೆ ಶಾಸನ, ಕಾವ್ಯಗಳಲ್ಲಿನ ಪ್ರಯೋಗಗಳನ್ನೂ ಕೊಡುವುದರಿಂದ, ಒಂದು ಪದಕ್ಕೆಂದು ಹೋದವನು ನಾಲ್ಕು ಪದ ತಿಳಿದು ಬರುತ್ತೇನೆ. ಆದರೆ ಕೂಡಲೇ ಉತ್ತರ ಬೇಕಾದ ದಿನ ಈ ವಾರದ ಕಾಯುವಿಕೆ ಕಷ್ಟವೇ.

ರಾತ್ರಿ ಹಾಸಿಗೆಯಲ್ಲಿ ಪರದೆ ಇಲ್ಲ, ನಿದ್ದೆ ಬೇಗ ಬರುತ್ತದೆ. ಬೆಳಿಗ್ಗೆ ಸುದ್ದಿಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಸಾಕು. ಇವು ಯಾರಾದರೂ ಊಹಿಸಬಹುದಾದ ಸಂಗತಿಗಳು.

ನಾನು ಊಹಿಸದೆ ಇದ್ದದ್ದು ಭಾನುವಾರದ ಕರೆಯ ಬದಲಾವಣೆ. ತಮ್ಮ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ; ಇಲ್ಲಿ ರಾತ್ರಿ ಎಂಟು ಗಂಟೆ ಎಂದರೆ ಅವನಿಗೆ ಬೆಳಗಿನ ಹೊತ್ತು. ಟ್ಯಾಬ್ ಇದ್ದಾಗ ಅದನ್ನು ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಗೆ ಒರಗಿಸಿ ಎಲ್ಲರೂ ಎದುರು ಕೂರುತ್ತಿದ್ದೆವು. ಎಲ್ಲರ ಮುಖವೂ ಎಲ್ಲರಿಗೂ ಕಾಣುತ್ತಿತ್ತು, ಆದರೆ ಮಾತು ಮಾತ್ರ ನಾನು, ನನ್ನ ಹೆಂಡತಿ ಮತ್ತು ತಮ್ಮನ ನಡುವೆಯೇ ಓಡಾಡುತ್ತಿತ್ತು. ಅಮ್ಮ ಹಿಂದೆ ಕುಳಿತು ನೋಡುತ್ತಿದ್ದರು. ಈಗ ಮೊಬೈಲ್ ಕೈಯಿಂದ ಕೈಗೆ ಹೋಗುತ್ತದೆ. ಸರದಿ ಬಂದಾಗ ಅಮ್ಮ ಅದನ್ನು ತೆಗೆದುಕೊಂಡು ನಡುಮನೆಗೆ ಹೋಗಿ, “ಏನಪ್ಪಾ, ತಿಂಡಿ ಆಯ್ತಾ?” ಎಂದು ಶುರುಮಾಡಿ, ಅರ್ಧ ಗಂಟೆಯಾದರೂ ಹೊರಗೆ ಬರುವುದಿಲ್ಲ. ಅವನ ಸೊಂಟನೋವು, ಅವನ ಮಗ ಕನ್ನಡ ಮರೆಯುತ್ತಿರುವುದು, ಅವನ ಕಚೇರಿಯ ಆತಂಕ, ಇವೆಲ್ಲ ನಮಗೆ ಈಗ ಅಮ್ಮನ ಮೂಲಕವೇ ತಿಳಿಯುತ್ತಿವೆ. ಎಲ್ಲರೂ ಒಟ್ಟಿಗೆ ಕುಳಿತಾಗ ಅವನು ಇವುಗಳಲ್ಲಿ ಒಂದನ್ನೂ ಹೇಳಿರಲಿಲ್ಲ. ಎಂಬತ್ತರ ತಾಯಿಗೆ ಮಗನೊಡನೆ ಒಬ್ಬಳೇ ಮಾತನಾಡುವ ಅವಕಾಶ ಸಿಕ್ಕಿದ್ದು ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ವಿಷಯ.

ಡಿಸೆಂಬರಿನಲ್ಲಿ ಊರಿಗೆ ಬರುವಾಗ ಹೊಸ ಟ್ಯಾಬ್ ತರಲೇ ಎಂದು ತಮ್ಮ ಕೇಳಿದ. ನಿಘಂಟಿನ ನೆನಪಾಗಿ ಒಂದು ಕ್ಷಣ ಆಸೆಯಾಯಿತು. ಸದ್ಯಕ್ಕೆ ಬೇಡ, ಆ ಹಣದಲ್ಲಿ ಪರಿಷತ್ತಿನ ನಿಘಂಟಿನ ಸಂಪುಟಗಳನ್ನು ಕೊಡಿಸು ಎಂದೆ. ಮುಂದಿನ ಪುಸ್ತಕದ ಕರಡನ್ನು ಕಾಗದದ ಮೇಲೆಯೇ ಮುದ್ರಿಸಿ ಅಂಚೆಯಲ್ಲಿ ಕಳುಹಿಸಬೇಕೆಂದು ಪ್ರಕಾಶಕರಿಗೂ ಬರೆದಿದ್ದೇನೆ. ಅವರು ಒಪ್ಪಿದ್ದಾರೆ, ಗಡುವನ್ನು ಮಾತ್ರ ಒಂದು ವಾರ ಮುಂದಕ್ಕೆ ಹಾಕಿದ್ದಾರೆ.