ಎಡಚಿಪ್ಪೋ ಬಲಚಿಪ್ಪೋ

ಮೂರು ದಿನಗಳ ಆ ಕಡಲತೀರದ ಪ್ರವಾಸದಲ್ಲಿ ಮೊದಲೆರಡು ದಿನಗಳು ಮಳೆಯ ಪಾಲಾದವು. ಮೂರನೆಯ ದಿನ ಬೆಳಗಿನ ಇಳಿತದ ವೇಳೆ, ಸಿಂಪಿ, ಬಸವನಹುಳುಗಳಂಥ ಮೆದುಮೈಯ ಮೃದ್ವಂಗಿಗಳ ಅಧ್ಯಯನದಲ್ಲೇ ಕೂದಲು ನರೆಸಿಕೊಂಡ ಹಿರಿಯರೊಬ್ಬರ ಜೊತೆ ಬಂಡೆಗಳ ನಡುವೆ ಕಳೆದ ಎರಡು ಗಂಟೆಗಳಷ್ಟೇ ಬರೆಯಲು ತಕ್ಕವು.

ಜಾರುತ್ತದೆಂದು ಚಪ್ಪಲಿ ಕಳಚಿಟ್ಟು ಬಂಡೆಗಿಳಿದದ್ದು ನನ್ನ ತಪ್ಪು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸಿಂಪಿಯ ಅಂಚು ಹಿಮ್ಮಡಿಯನ್ನು ಕೊಯ್ದಿತು. (ಅಂಥ ತೀರಕ್ಕೆ ಹೋಗುವವರು ದಪ್ಪ ಅಡಿಯ ಬೂಟನ್ನೇ ಧರಿಸಬೇಕು, ನನ್ನ ಗಾಯ ಮಾಯಲು ಮೂರು ವಾರ ಹಿಡಿಯಿತು.) ಹಿರಿಯರು ಪಟ್ಟಿ ಕಟ್ಟುತ್ತಲೇ, "ನಿಮ್ಮನ್ನು ಕೊಯ್ದದ್ದು ಎಡಚಿಪ್ಪೋ ಬಲಚಿಪ್ಪೋ, ನೋಡಿದಿರಾ?" ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಸಿಂಪಿಯು ಎಡಚಿಪ್ಪನ್ನೇ ಬಂಡೆಗೆ ಬೆಸೆದುಕೊಳ್ಳುತ್ತದೆ, ಸತ್ತ ಮೇಲೆ ಮೇಲಿನ ಬಲಚಿಪ್ಪು ಕಳಚಿ ಬೀಳುತ್ತದೆ, ಕಾಲಿಗೆ ತಗಲುವುದು ಉಳಿದ ಎಡಚಿಪ್ಪಿನ ಅಂಚು ಎಂದು ವಿವರಿಸಿದರು. ಮುಳ್ಳುಸಿಂಪಿ ಎನ್ನಿಸಿಕೊಳ್ಳುವ ಸ್ಪಾಂಡಿಲಸ್ ಅಂಟಿಕೊಳ್ಳುವುದು ಬಲಚಿಪ್ಪಿನಿಂದ. ಹೆಸರು ಏನೇ ಇರಲಿ, ಅದರ ನಿಜವಾದ ನಂಟು ಬೀಸಣಿಗೆಯಂಥ ಚಿಪ್ಪಿನ, ಸಾಲುಗಣ್ಣುಗಳ ಸ್ಕ್ಯಾಲಪ್‌ಗಳ ಜೊತೆ.

"ಹಾಗಾದರೆ ಎರಡು ಚಿಪ್ಪಿರುವುದೆಲ್ಲ ದ್ವಿಕವಾಟಿ ತಾನೆ, ಸರ್?" ಎಂದೆ. ಸಿಂಪಿಯಂಥ ಎರಡು ಚಿಪ್ಪಿನ ಮೃದ್ವಂಗಿಗಳಿಗೆ ಆ ಹೆಸರು. ಅವರು ಚೀಲದಿಂದ ಪುಟ್ಟ ಚಿಪ್ಪೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ನಾನು ಹಿಂಜರಿಯದೆ ದ್ವಿಕವಾಟಿ ಎಂದೆ. ಅದು ಮೃದ್ವಂಗಿಯೇ ಅಲ್ಲದ ಬ್ರಾಕಿಯೋಪಾಡ್ ಆಗಿತ್ತು. ದ್ವಿಕವಾಟಿಯ ಚಿಪ್ಪುಗಳು ದೇಹದ ಎಡಬಲಗಳನ್ನು ಮುಚ್ಚಿದರೆ ಇದರವು ಬೆನ್ನು ಹೊಟ್ಟೆಗಳನ್ನು ಮುಚ್ಚುತ್ತವೆ. ಆದ್ದರಿಂದ ಇದರ ಒಂದೊಂದು ಚಿಪ್ಪನ್ನೂ ನಡುವೆ ಸೀಳಿದರೆ ಎರಡು ಸಮಪಾಲು ಸಿಗುತ್ತವೆ.

ಬಳಿಕ ಅವರು ದಡಕ್ಕೆ ಬಂದು ಬಿದ್ದಿದ್ದ ಮರದ ತುಂಡೊಂದನ್ನು ಒಡೆದರು. ಒಳಗಿನ ಸುರಂಗಗಳಲ್ಲಿ ಬಿಳಿಯ ಹುಳುಗಳು. ಹಡಗುಹುಳು ಎಂಬ ಈ ಟೆರೆಡೋವನ್ನು ಲಿನೀಯಸ್ 1758ರಲ್ಲಿ ಎರೆಹುಳು, ಜಿಗಣೆಗಳ ಸಾಲಿಗೆ ಸೇರಿಸಿದ್ದ. ಭೂತಗನ್ನಡಿ ಹಿಡಿದಾಗ ಮುಂತುದಿಯಲ್ಲಿ ಮರ ಕೊರೆಯುವ ಎರಡು ಗೀರುಚಿಪ್ಪುಗಳು ಕಂಡವು. ಇದು ನಿಜವಾದ ದ್ವಿಕವಾಟಿ! ಮಹಾನ್ ವರ್ಗೀಕರಣಕಾರನೂ ಎಡವಿದನಲ್ಲ ಎಂದು ನನಗೆ ತುಸು ಸಮಾಧಾನವಾಯಿತು.

ಚಿಪ್ಪಿನ ಲೆಕ್ಕ ಕೈಕೊಟ್ಟ ಮೇಲೆ ವಿದ್ವಾಂಸರಲ್ಲಿ ಕೆಲವರು ಕಿವಿರನ್ನು, ಕೆಲವರು ಕೀಲಿನ ಹಲ್ಲುಗಳನ್ನು ಹಿಡಿದು ದ್ವಿಕವಾಟಿಗಳ ಬಳಗಗಳನ್ನು ವಿಂಗಡಿಸಿದರು; ಈಗ ಡಿಎನ್ಎ ಅವರ ತೀರ್ಮಾನಗಳನ್ನು ಮರುಪರಿಶೀಲಿಸುತ್ತಿದೆ. ಕಿವಿರಿನಿಂದ ಉಸಿರಾಡಿದರೂ ಅದರಿಂದ ಆಹಾರ ಸೋಸದ ಪ್ರೋಟೋಬ್ರಾಂಕಿಯಾ ಎಂಬ ಬಳಗ ಒಂದು ಕಡೆ. ಬಂಡೆಗೆ ಅಂಟಿ ಬಾಳುವ ಮಸೆಲ್, ಸಿಂಪಿ, ಸ್ಕ್ಯಾಲಪ್‌ಗಳ ಟೆರಿಯೋಮಾರ್ಫಿಯಾ ಇನ್ನೊಂದು ಕಡೆ. ಹಡಗುಹುಳುವೂ ದೈತ್ಯ ಚಿಪ್ಪಿನ ಟ್ರೈಡಾಕ್ನಾವೂ ಒಟ್ಟಿಗಿರುವ ಹೆಟೆರೊಡಾಂಟಾ ಮತ್ತೊಂದು ಕಡೆ. ಸಿಹಿನೀರಿನ ಮಸೆಲ್‌ಗಳ ಬಳಗವೇ ಬೇರೆ. ಅವುಗಳ ಹತ್ತಿರದ ಕಡಲ ಬಂಧು ನಿಯೋಟ್ರಿಗೋನಿಯಾ ಇಂದು ಆಸ್ಟ್ರೇಲಿಯಾದ ನೀರಿನಲ್ಲಷ್ಟೇ ಬದುಕಿದೆ. ದ್ವಿಕವಾಟಿಗಳ ಸುಮಾರು 9,000 ಜೀವಂತ ಪ್ರಭೇದಗಳಲ್ಲಿ ಜನ ಮುಗಿಬಿದ್ದು ಮೆಚ್ಚುವುದು ಒಂದು ಮೀಟರಿಗೂ ಮಿಕ್ಕ ಟ್ರೈಡಾಕ್ನಾವನ್ನು. ಗಾತ್ರವೊಂದನ್ನೇ ಕಂಡು ಮಾರುಹೋಗುವುದು ನನಗೆ ಹಿಡಿಸದು; ಇಡೀ ದೇಹವನ್ನು ಅರ್ಧ ಮಿಲಿಮೀಟರಿನಲ್ಲಿ ಅಡಕಿಸಿಕೊಂಡ ಕಾಂಡಿಲೊನ್ಯೂಕ್ಯುಲಾದ ಕಡೆಗೇ ನನ್ನ ಒಲವು.

ಉಬ್ಬರ ಶುರುವಾಯಿತು. ಬಂಡೆಯ ಮೇಲೆ ಬಾಯ್ತೆರೆದಿದ್ದ ಮಸೆಲ್ ಒಂದನ್ನು ತೋರಿಸಿ, ಸತ್ತಿದೆ ಎಂದೆ. ಕೀಲಿನ ಪಟ್ಟಿ ಚಿಪ್ಪನ್ನು ತಾನಾಗಿ ತೆರೆದಿಡುತ್ತದೆ, ಮುಚ್ಚಲು ಮಾತ್ರ ಸ್ನಾಯುವಿನ ಶ್ರಮ ಬೇಕು ಎಂದು ಹೇಳಿ ಅವರು ಬೆರಳಿನಿಂದ ಮೆಲ್ಲನೆ ತಟ್ಟಿದರು. ಅದು ಮುಚ್ಚಿಕೊಂಡಿತು.